ಕಾಕಾನ ಮೈತ್ರಿಕೂಟ ಮತ್ತು ಏಳನೆಯ ಭರವಸೆ

ಇಳಕಲ್ಲಿನ ನಮ್ಮ ಕಾಕಾ ಯಾವುದಕ್ಕೂ ರಾಜಿಯಾಗುವ ಆಸಾಮಿಯಲ್ಲ. ತನ್ನ ಮದುವೆಯ ದಿನವೇ, "ದುಡಿದವರು ಮೊದಲ ಉಣ್ಣಬೇಕು. ಅಡಗಿಯವರು ಉಣ್ಣೂತನಾ ನಾ ಎಲಿಗೆ ಕೂಡಾಂಗಿಲ್ಲ" ಎಂದು ಹಟ ಹಿಡಿದಿದ್ದನಂತೆ. ಅವರು ಉಂಡರು. ಹೊಟ್ಟೆ ಬಿರಿಯೆ ಉಂಡರು! ಮದುಮಗನಿಗೆ ಹೋಳಿಗೆ ಹೋಗಿ ಕಟ್ಟಿನ ಸಾರು ಉಳಿಯಿತು. ಪಕ್ಕದಲ್ಲಿ ಹಸಿದು ಕೂತಿದ್ದ ಮದುಮಗಳನ್ನು, ನಮ್ಮ ಕಾಕುವನ್ನು, ಯಾರು ಕೇಳಬೇಕು?

ಇಂಥವನು ಈ ಸಲ ಊರ ಚುನಾವಣೆಗೆ ಮೈತ್ರಿಕೂಟ ಕಟ್ಟಿದ! ಪಕ್ಷ ಮೂರು, ಸದಸ್ಯರೂ ಮೂವರೇ. ನೇಕಾರರ ಪರ ಕಾಕಾ, ರೈತರ ಪರ ಕಲಾದಗಿ ಕಡೆಯಿಂದ ಬಂದು ನೆಲೆಸಿದ ಚಿಕ್ಕು ವ್ಯಾಪಾರದ ಗೌಡರು, ಉಳಿದ ಸಕಲರ ಪರ ಒಬ್ಬ ನಿವೃತ್ತ ಮಾಸ್ತರರು.

"ನಾವು ಪೂರ್ತಿ ಎಡಕ್ಕಿಲ್ಲ, ನಟ್ಟನಡುವೂ ಇಲ್ಲ. ನಡುವಿನಿಂದ ಒಂಚೂರು ಎಡಕ್ಕ ಸರದೀವಿ" ಎಂದರು ಮಾಸ್ತರರು. ಎಷ್ಟು ಚೂರು ಎಂಬುದರ ಮೇಲೆ ಎರಡು ಸಭೆ ಮುರಿದವು.

ಸಭೆಯೆಲ್ಲ ಕಾಕಾನ ಮನೆಯಲ್ಲೇ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಓಡಿಸುತ್ತಲೇ ಆತನ ವಾದ. ಲಾಳಿಗೆ ಬೇಕಾದ ನೂಲಿನ ಕಂಡಿಕಿ ಸುತ್ತುತ್ತ, ನಡುನಡುವೆ ಎದ್ದು ಚಹಾ ಕೊಡುತ್ತ ಮೂಲೆಯಲ್ಲಿ ಕಾಕು. ನಲವತ್ತು ವರ್ಷದಿಂದ ಅದೇ ಮೂಲೆ. ಹಿಂದೊಮ್ಮೆ ನೇಕಾರರ ಪಟ್ಟಿ ಬರೆಯಲು ಬಂದವನು ಆಕೆಯ ಹೆಸರಿನ ಮುಂದೆ 'ಮನೆಗೆಲಸ' ಎಂದು ಗೀಚಿಕೊಂಡು ಹೋಗಿದ್ದ. ಆಕೆ "ಹೌದ್ರಿ" ಎಂದಿದ್ದಳು. ಅವತ್ತು ಕಾಕಾ ಉಣ್ಣಲಿಲ್ಲ.

ಪ್ರಣಾಳಿಕೆಯ ಆರು ಭರವಸೆಗಳು ನೀರು, ಗಟಾರ, ದವಾಖಾನಿ ಅಂತ ಹೇಗೋ ದಾಟಿದವು. ಏಳನೆಯದು ಕಾಕಾನದು: ಕಂಡಿಕಿ ಸುತ್ತುವ ಹೆಣ್ಣುಮಕ್ಕಳನ್ನೂ ನೇಕಾರರೆಂದೇ ಬರೆಯಬೇಕು. ಕಾಕು ನೀರಿಗೆ ಹೋದ ಹೊತ್ತು ನೋಡಿ ಅದನ್ನು ಮುಂದಿಟ್ಟ.

"ಇದಕ್ಕ ಯಾರು ವೋಟ್ ಹಾಕ್ತಾರೋ ಮಾರಾಯಾ? ತಗದ್ಹಾಕು" ಎಂದರು ಗೌಡರು.

"ಇದಿಲ್ಲಂದ್ರ ನಾನೂ ಇಲ್ಲ."

"ಇದು ಇರಬೇಕಂದ್ರ ಅಧ್ಯಕ್ಷಗಿರಿ ಬಿಡು!"

ಬಿಟ್ಟ! ಚುನಾವಣೆಗೆ ನಿಲ್ಲುವುದು? ಅದನ್ನೂ ಬಿಟ್ಟ. ತಾನೇ ಆರಿಸಿದ್ದ ಕರಪತ್ರದ ಕೆಂಪು ಬಣ್ಣ? ಲಾಳಿ ಗಕ್ಕನೆ ನಿಂತಿತು.

"ಹಳದಿ ಮಾಡ್ರಿ" ಎಂದ ಕಾಕಾ. ಹೋಳಿಗೆ ಬಿಟ್ಟರೂ ಹಟ ಬಿಡದವನು ಇವನೇನಾ ಎಂದು ನಾನು ಬಾಯಿ ಕಳೆದು ಕೂತೆ.

ಮೈತ್ರಿಕೂಟ ಠೇವಣಿ ಕಳೆದುಕೊಂಡಿತು, ಆ ಮಾತು ಬಿಡಿ. ಕರಪತ್ರ ಅಚ್ಚಾಗಿ ಬಂದ ದಿನ ಕಾಕು ಅದನ್ನು ಬೆಳಕಿಗೆ ಹಿಡಿದು ಓದಿದಳು. ಏಳನೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

"ಇದನ್ನ ಯಾರು ಬರಿಸಿದ್ರು?"

"ಮೈತ್ರಿಕೂಟದ ತೀರ್ಮಾನ ಅದು" ಎಂದ ಕಾಕಾ, ಕುಣಿಯಿಂದ ತಲೆಯೆತ್ತದೆ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆಕೆ ಅಡಿಗೆಮನೆಯಿಂದ ಒಂದೇ ತಾಟು ತಂದು ಮುಂದಿಟ್ಟುಕೊಂಡು ಕೂತಳು.

"ದುಡಿದವರು ಮೊದಲ ಉಣ್ಣಬೇಕಲ್ಲ? ನಾ ಕುಂತೇನಿ. ಏಳ್ರಿ, ಬಡಸ್ರಿ."

ಕಾಕಾ ಕುಣಿಯಿಂದೆದ್ದು, ಕೈ ತೊಳೆದು, ರೊಟ್ಟಿ ಬುಟ್ಟಿ ಹುಡುಕತೊಡಗಿದ. ಅದು ಎಲ್ಲಿರುತ್ತದೆಂದು ಆತನಿಗೆ ಗೊತ್ತಿರಲಿಲ್ಲ.