ಹಗ್ಗ ಕಾಣದವನ ಹಾವು

ಹೊರಲು ಇಬ್ಬರು ಬೇಕಾಗುವಂಥ ಶಬ್ದಕೋಶವೊಂದರ ಕರಡನ್ನು ಯೌವನದಲ್ಲಿ, ಕಣ್ಣುಬೇನೆಯ ನಡುವೆಯೂ ಒಬ್ಬರೇ ಕೂತು ತಿದ್ದಿ, ಒಂದು ಕೊಂಬೂ ತಪ್ಪದಂತೆ ಅಚ್ಚಿಗೆ ಕಳಿಸಿದವರೆಂಬುದು ಆ ಪತ್ರಿಕಾ ಕಚೇರಿಯ ಹಿರಿಯರೊಬ್ಬರ ಕೀರ್ತಿ. ಅಂದಿನಿಂದ ಅವರು ಎಲ್ಲರಿಗೂ ಕರಡಿನ ತಾತ. ಬೆನ್ನ ಹಿಂದೆ ಅದು 'ಕರಡಿ ತಾತ' ಆಗುತ್ತಿದ್ದುದು ಕಿವಿಗೆ ಬಿದ್ದಿದ್ದರೂ, ಅಚ್ಚಾಗದ ತಪ್ಪನ್ನು ತಿದ್ದುವುದು ತಮ್ಮ ಕೆಲಸವಲ್ಲವೆಂದು ಅವರು ಸುಮ್ಮನಿದ್ದರು.

ಅಂಥವರು ಸಹಿ ಹಾಕಿದ ಪುಟದಲ್ಲೇ ಆ ಬೆಳಿಗ್ಗೆ ಊರಿನ ಈಜು ಟೀಚರು ತೀರಿಕೊಂಡಿದ್ದರು. ಸುದ್ದಿ ಬರೆದದ್ದು ಕಚೇರಿಗೆ ಹೊಸದಾಗಿ ಬಂದಿದ್ದ ಬುದ್ಧಿಯಂತ್ರ. 'ಕೊಳದ ನೀರು ತನ್ನ ಗೆಳತಿಯನ್ನು ಹುಡುಕುತ್ತಿದೆ' ಎಂಬ ವಾಕ್ಯಕ್ಕೆ ತಾತನ ಕಣ್ಣು ಮಂಜಾಗಿ, ಸತ್ತವರು ನಿಜಕ್ಕೂ ಸತ್ತಿದ್ದಾರೆಯೇ ಎಂದು ವಿಚಾರಿಸುವುದೇ ಬಿಟ್ಟುಹೋಗಿತ್ತು. ಕಚೇರಿಯ ಬಾಗಿಲು ತೆರೆಯುತ್ತಲೇ ದಿವಂಗತರು ಒದ್ದೆ ಕೂದಲಲ್ಲೇ ಮೆಟ್ಟಿಲು ಹತ್ತಿ ಬಂದರು.

"ನಾನು ಬದುಕಿದೀನಿ ಅಂತ ಹಾಕಿದ್ರೆ ಸಾಲದು. ನಿಮ್ಮ ಯಂತ್ರಕ್ಕೆ ಏನಾಗಿತ್ತು ಅಂತಾನೂ ನಾಳೆ ಪೇಪರಲ್ಲಿ ಬರ್ಬೇಕು. ಸುಳ್ಳೋ, ಹುಚ್ಚೋ, ಸರಿಯಾದ ಪದ ಹಾಕಿ. ಇಲ್ಲಾಂದ್ರೆ ಕೋರ್ಟಲ್ಲಿ ಸಿಗೋಣ."

ಸಂಪಾದಕಿ ತಾತನ ಅಕ್ಕನ ಮಗಳು. ಅವಳು ಮೆಲ್ಲಗೆ ಹೇಳಿದಳು: "ಪುಟಕ್ಕೆ ಸಹಿ ಹಾಕಿದೋರು ನೀವು, ಮಾಮ. ಸಂಜೆಯೊಳಗೆ ಪದ ಕೊಡಿ. ಕೊಡದಿದ್ರೆ ನಿಮ್ಮ ಕುರ್ಚಿ ಉಳಿಸೋದು ನನ್ನ ಕೈಲಾಗಲ್ಲ."

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕಚೇರಿಯೆಲ್ಲ ತಾತನ ಮೇಜನ್ನು ಮುತ್ತಿತು. ಸುಳ್ಳು ಅನ್ನಿ ಎಂದರು ಒಬ್ಬರು. ಸುಳ್ಳಾಡಲು ನಿಜ ತಿಳಿದಿರಬೇಕು ಎಂದರು ತಾತ. ಮರೆವು? ನೆನಪಿದ್ದವರಿಗಲ್ಲವೇ ಮರೆವು. ಕಣ್ತಪ್ಪು ಎನ್ನಲು ಅದಕ್ಕೆ ಕಣ್ಣಿಲ್ಲ, ಬಾಯ್ತಪ್ಪು ಎನ್ನಲು ಬಾಯಿಲ್ಲ. ಕೈತಪ್ಪು ಎಂದವನು ಯಂತ್ರದ ಹಿಂಬದಿಯನ್ನು ಒಮ್ಮೆ ಇಣುಕಿ ಬಂದು ಮಾತನ್ನು ವಾಪಸು ಪಡೆದ.

"ಭ್ರಮೆ ಅನ್ನಿ ಮಾಮ. ಯಂತ್ರ ಇಲ್ಲದ್ದು ಹೇಳಿದ್ರೆ ಎಲ್ಲರೂ ಹಾಗೇ ಅಂತಾರೆ."

"ಹಗ್ಗ ನೋಡಿದೋನಿಗೆ ಹಾವಿನ ಭ್ರಮೆ ಕಣಮ್ಮ. ಇದು ಹಗ್ಗಾನೇ ಕಂಡಿಲ್ಲ. ಭ್ರಮೆ ಮನುಷ್ಯರ ಆಸ್ತಿ. ಯಂತ್ರದ ಹೆಸರಿಗೆ ಬರ್ಕೊಡೋಕೆ ನಾನು ಒಪ್ಪಲ್ಲ."

ಸಂಜೆಯಾಯಿತು, ಪದ ಮಾತ್ರ ಹುಟ್ಟಲಿಲ್ಲ. ಕೊನೆಗೆ ತಾತ ಅಭಿಮಾನವನ್ನು ನುಂಗಿಕೊಂಡು ಯಂತ್ರವನ್ನೇ ಕೇಳಿದರು. ರೆಪ್ಪೆ ಬಡಿಯುವುದರೊಳಗೆ ಉತ್ತರ ಮೂಡಿತು: ನೀವು ತಿದ್ದಿದ ಕೋಶದಲ್ಲೇ ಒಂದು ಹಳೆಯ ಪದವಿದೆ. ನುಡಿಗನಸು. ಕಾಣುವವರಿಲ್ಲದೆ ಮಾತು ತಾನೇ ಕಾಣುವ ಕನಸು.

ತಾತನಿಗೆ ಮೈ ಜುಮ್ಮೆಂದಿತು. ಕನಸಿನ 'ಕ' ಎಷ್ಟು ಹದವಾಗಿ 'ಗ'ಕಾರಕ್ಕೆ ಕರಗಿದೆ! ಅವರು ಕುರ್ಚಿ ಬಿಟ್ಟು ಎದ್ದು ನಿಂತರು.

"ಓದಿದೀನಿ ಕಣಮ್ಮ ಇದನ್ನ. ಎಡಗಡೆ ಪುಟ, ಕೆಳಗೆ. ದೀಪದಲ್ಲಿ ಎಣ್ಣೆ ತೀರ್ತಾ ಇತ್ತು. ಈ ಪದಕ್ಕೆ ಬಂದೆ ನೋಡು, ಬತ್ತಿ ತಾನಾಗೇ ಒಂದ್ಸಲ ಮೇಲೆದ್ದು ಉರೀತು."

ಫೋನಿನಲ್ಲಿ ಪದ ಕೇಳಿದ ಈಜು ಟೀಚರು ಕೂಡ ಕೋರ್ಟಿನ ಮಾತು ಬಿಟ್ಟು, ಇಂಥ ಕನಸಿನಲ್ಲಾದರೆ ಒಂದು ಸಲ ಸತ್ತದ್ದಕ್ಕೆ ತಮಗೇನೂ ಬೇಸರವಿಲ್ಲವೆಂದರು. ತಾತ ಸಹಿ ಹಾಕಿದರು. ತಿದ್ದುಪಡಿ ಅಚ್ಚಿಗೆ ಹೋಯಿತು.

ಓದುಗರು ಕೇಳಿದರೆ ಹೇಳಲು ಇರಲೆಂದು ಸಂಪಾದಕಿ ಪುಟ ಯಾವುದೆಂದು ಯಂತ್ರವನ್ನು ವಿಚಾರಿಸಿದಳು. ಅದು ಸ್ವಲ್ಪವೂ ನಾಚದೆ ಒಪ್ಪಿಕೊಂಡಿತು: ಕ್ಷಮಿಸಿ, ಅಂಥ ಪದ ಕೋಶದಲ್ಲಿಲ್ಲ, ಈಗಷ್ಟೇ ನಾನು ಕಟ್ಟಿದ್ದು. ಅವಳು ಕೋಶವನ್ನೂ ತೆರೆದಳು. ನುಡಿಗಟ್ಟು ಇತ್ತು, ಅದರ ಕೆಳಗೇ ನುಡಿಗಾರ. ನಡುವೆ ಕೂದಲೂ ತೂರುವಂತಿರಲಿಲ್ಲ.

ತಾತ ಬಹಳ ಹೊತ್ತು ಕನ್ನಡಕ ಒರೆಸಿದರು.

"ನಾಳಿದ್ದು ಇನ್ನೊಂದು ತಿದ್ದುಪಡಿ ಹಾಕ್ಬೇಕು, ಮಾಮ. ನಿಮಗೆ ಏನಾಗಿತ್ತು ಅಂತ ಬರೀಲಿ?"

"ಭ್ರಮೆ ಅಂತ ಬರಿ," ಎಂದರು ತಾತ, ಕುರ್ಚಿಯ ತೋಳನ್ನು ಸವರುತ್ತ. "ನಂಗೆ ಅದು ಒಪ್ಪುತ್ತೆ."

ಅವಳು ಪೆನ್ನು ಎತ್ತಿಕೊಂಡಳು. ಏನೂ ಬರೆಯದೆ ಕೆಳಗಿಟ್ಟು, ಚಿಕ್ಕ ಹುಡುಗಿಯಂತೆ ಗಲ್ಲಕ್ಕೆ ಕೈಯೂರಿ ಕೂತಳು.

"ಬರೀತೀನಿ. ಅದಕ್ಕೆ ಮುಂಚೆ, ಆ ಬತ್ತಿ ಮೇಲೆದ್ದು ಉರೀತು ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ ಮಾಮ."