ಅಳಿಯನ ಪಾಲಿನ ಬೆಣ್ಣೆ

ನನ್ನ ರಕ್ತ ನನ್ನದು! ಅದನ್ನು ನಾನೇ ತೆಗೆಯುತ್ತೇನೆ, ನಾನೇ ಅಳೆಯುತ್ತೇನೆ, ತೀರ್ಪನ್ನೂ ನಾನೇ ಕೊಡುತ್ತೇನೆ!

ಎರಡು ಸಾವಿರದ ಆರನೇ ಇಸವಿಯ ಒಂದು ರವಿವಾರ ಬೆಳಿಗ್ಗೆ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಎದೆಯುಬ್ಬಿಸಿ ನಿಂತು ನಾನು ಹೀಗೆ ಘೋಷಣೆ ಮಾಡಿದೆ. ಕೇಳಿಸಿಕೊಂಡದ್ದು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಶೈಲಶ್ರೀ, ಇನ್ನೊಂದು ಅವಳು ಕೂತಿದ್ದ ಮಗ್ಗ. ಮಗ್ಗವಾದರೂ ಟಕ್ ಟಕ್ ಅಂದಿತು. ಹೆಂಡತಿ ಅಷ್ಟನ್ನೂ ಅನ್ನಲಿಲ್ಲ.

ಈ ಸ್ವಾತಂತ್ರ್ಯ ಹೋರಾಟದ ಹಿಂದೆ ಆರು ತಿಂಗಳ ದಾಸ್ಯವಿತ್ತು. ನನ್ನದು ನೂಲಿನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂರುವುದೇ ಉದ್ಯೋಗ. ಕೂತು ಕೂತು ಹೊಟ್ಟೆ ನನಗಿಂತ ಮುಂಚೆ ಬಾಗಿಲು ದಾಟತೊಡಗಿದಾಗ ಹೆಂಡತಿ ಬಾಗಲಕೋಟೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಡಾಕ್ಟರು ಚೀಟಿ ನೋಡಿ, "ಕೊಲೆಸ್ಟ್ರಾಲ್ ಎರಡು ನೂರಾ ಅರವತ್ತು ಐತಿ. ಬೆಣ್ಣಿ, ತುಪ್ಪ ಎಲ್ಲಾ ಬಂದ್" ಅಂದರು. ಅವರು ಹೇಳಿದ್ದು ನನಗೆ. ಕೇಳಿಸಿದ್ದು ನನ್ನ ಹೆಂಡತಿಗೆ! ಅವತ್ತಿನಿಂದ ನನ್ನ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಬೀಳುವುದು ನಿಂತಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಎರಡೂ ಇದ್ದು ಬೆಣ್ಣೆ ಮಾತ್ರ ಇಲ್ಲವೆಂದರೆ ಅದನ್ನು ಊಟ ಅನ್ನುತ್ತಾರೆಯೇ? ಎದುರು ವಾದಿಸುವ ಹಾಗೂ ಇರಲಿಲ್ಲ. ಅವಳ ಅಪ್ಪ ಒಂದು ಸಂಜೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಮತ್ತೆ ಎದ್ದಿರಲಿಲ್ಲ. ಈ ಒಂದು ವಿಷಯದಲ್ಲಿ ಅವಳ ಮುಂದೆ ನನ್ನ ಯಾವ ಚೇಷ್ಟೆಯೂ ನಡೆಯುತ್ತಿರಲಿಲ್ಲ.

ಆಗ ದೇವರಂತೆ ಬಂದವನು ಅಕ್ಕನ ಮಗ ಸಂಗಮೇಶ. ಔಷಧ ಕಂಪನಿಯಲ್ಲಿ ಕೆಲಸ. ಅಂಗೈಯಗಲದ ಒಂದು ಮಷೀನು, ಒಂದು ಸೂಜಿಪೆನ್ನು, ನಾಲ್ಕಾರು ಸೂಜಿ, ಮೂರು ಪಟ್ಟಿ ಕೊಟ್ಟು, "ಮಾಮಾ, ಬೆರಳಿಗೆ ಚುಚ್ಚಿ ಒಂದು ಹನಿ ಪಟ್ಟಿ ಮ್ಯಾಲ ಹಾಕ್ರಿ. ಮೂರು ಮಿನಿಟಿನ್ಯಾಗ ಅಂಕಿ ಬರ್ತೈತಿ. ಎರಡು ನೂರರ ಒಳಗ ಇದ್ರ ನೀವು ರಾಜಾ!" ಅಂದ.

ರಾಜನಾಗುವ ಅವಕಾಶವನ್ನು ಯಾರು ಬಿಡುತ್ತಾರೆ? ಮಗ್ಗದ ಮುಂದೆ ಷರತ್ತು ಹೂಡಿದೆ.

"ಎರಡು ನೂರರ ಒಳಗ ಬಂದ್ರ?"

"ಬಂದ್ರ ಬೆಣ್ಣಿ ಹಾಕ್ತೇನಿ" ಅಂದಳು, ಲಾಳಿಯ ಮೇಲಿನ ಕಣ್ಣು ತೆಗೆಯದೆ. "ಮ್ಯಾಲ ಬಂದ್ರ ಜೀವ ಇರೂತನಕ ಬೆಣ್ಣಿ ಹೆಸರ ಎತ್ತಬಾರದು. ಒಪ್ಪಿಗೇನ್ರಿ?"

"ಒಪ್ಪಿಗಿ! ಗಂಡಸಿನ ಮಾತು!"

ಗಂಡಸು ಪೆನ್ನಿಗೆ ಸೂಜಿ ಹಾಕಿದ. ಗಂಡಸು ಬೆರಳು ಚಾಚಿದ. ಸೂಜಿಯ ತುದಿ ಬೆಳಕಿಗೆ ಮಿನುಗಿದ್ದೇ ತಡ, ಗಂಡಸಿನ ಬೆನ್ನಿಗೆ ಬೆವರು ಬಂತು! ಹೆದರಿಕೆ ಸೂಜಿಯದ್ದಷ್ಟೇ ಅಲ್ಲ. ಸಂಜೆ ಅಂಗಡಿ ಮುಚ್ಚಿ ಬರುವಾಗ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಬಂಡಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತು. ವಸೂಲಿಗೆಂದು ಅಮೀನಗಡಕ್ಕೆ ಹೋದಾಗಲೆಲ್ಲ ಕರದಂಟು ನನ್ನ ಜೇಬು ಸೇರುತ್ತಿತ್ತು. ಮನೆಯಲ್ಲಿ ಸನ್ಯಾಸಿ, ಊರಲ್ಲಿ ಸಂಸಾರಿ! ಆ ರಕ್ತದ ಮೇಲೆ ನನಗೇ ನಂಬಿಕೆ ಇರಲಿಲ್ಲ.

"ಇಲ್ಲಿ ಬೆಳಕ ಸಾಲೂದಿಲ್ಲ. ಹಿತ್ತಲದಾಗ ಚುಚ್ಚಿಕೊಂಡ ಬರ್ತೇನಿ" ಎಂದು ಮಷೀನು ಎತ್ತಿಕೊಂಡು ನಡೆದೆ.

ಹಿತ್ತಲಲ್ಲಿ ನನ್ನ ಅತ್ತೆ ಚಂದವ್ವ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದರು. ಊರು ಬಾದಾಮಿಯ ಹತ್ತಿರದ ಚೊಳಚಗುಡ್ಡ. ಎಪ್ಪತ್ತು ದಾಟಿದ ಜೀವ. ಇವತ್ತಿಗೂ ಎಮ್ಮೆ ತಾವೇ ಹಿಂಡಿ, ಮೊಸರಿನ ಗಡಿಗೆಯ ಬುಟ್ಟಿ ತಲೆಯ ಮೇಲೆ ಹೊತ್ತು ಬನಶಂಕರಿ ಗುಡಿಯ ಮುಂದೆ ಕೂತು ಮಾರಿ ಬರುವವರು. ಹದಿನೈದು ದಿನಕ್ಕೊಮ್ಮೆ ಮಗಳ ಮನೆಗೆ ಬುತ್ತಿ ಹೊತ್ತು ಬರುತ್ತಾರೆ. ಅದರಲ್ಲಿ ಅಳಿಯನಿಗೆಂದು ಬಾಳೆ ಎಲೆಯಲ್ಲಿ ಸುತ್ತಿದ ಮುಷ್ಟಿಗಾತ್ರದ ಬೆಣ್ಣೆಯ ಉಂಡೆ ಇದ್ದೇ ಇರುತ್ತದೆ. ಅದನ್ನು ನನ್ನ ಕಣ್ಣಿಗೆ ತೋರಿಸಿ, ನನ್ನ ಹೆಂಡತಿ ಸೂರಿಗೆ ತೂಗುಹಾಕಿದ ನೆಲುವಿಗೆ ಏರಿಸುತ್ತಾಳೆ.

ಅತ್ತೆಯನ್ನು ನೋಡಿದೆ. ಕಡ್ಡಿಯಂಥ ಮೈ. ತಿನ್ನುವುದು ರೊಟ್ಟಿ, ಪುಂಡಿಪಲ್ಯ. ನಡೆಯುವುದು ಹರದಾರಿಗಟ್ಟಲೆ. ಜಗತ್ತಿನಲ್ಲಿ ಶುದ್ಧ ರಕ್ತ ಎಂಬುದು ಎಲ್ಲಾದರೂ ಇದ್ದರೆ ಇಲ್ಲಿದೆ ಅನ್ನಿಸಿತು. ಬುದ್ಧಿ ಕೆಡುವುದಕ್ಕೆ ಎಷ್ಟು ಹೊತ್ತು ಬೇಕು?

"ಅತ್ತಿ, ನಿಮ್ಮದೊಂದು ಹನಿ ರಕ್ತ ಬೇಕಾಗಿತ್ರಿ."

ಬೇರೆ ಯಾರಾದರೂ ಆಗಿದ್ದರೆ ಯಾಕೆ ಅನ್ನುತ್ತಿದ್ದರು. ಆದರೆ ಅಳಿಯ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಎಂಬುದು ಆ ಮನೆತನದ ಶಾಸನ. ಅತ್ತೆ ಸೊಪ್ಪು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿ ಮುಂದೆ ಚಾಚಿದರು.

"ಒಂದು ಹನಿ ಯಾಕ್ರಿ ಅಳಿಯಾರ, ಒಂದು ತಂಬಿಗಿ ತಗೋರಿ!"

ಎಂಥ ಧಾರಾಳ! ಚುಚ್ಚಿದಾಗ ಅವರ ಕಣ್ಣರೆಪ್ಪೆಯೂ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದವನು ನಾನು. ಹನಿಯನ್ನು ಪಟ್ಟಿಯ ಮೇಲಿಟ್ಟು, "ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಪಿಸುಗುಟ್ಟಿ, ನನ್ನ ನಿರಪರಾಧಿ ಬೆರಳಿಗೆ ಹತ್ತಿ ಸುತ್ತಿಕೊಂಡು, ವಿಜಯಯಾತ್ರೆಯಂತೆ ಮಗ್ಗದ ಮುಂದೆ ಬಂದು ಮಷೀನು ಇಟ್ಟೆ. "ನೀನ ನೋಡು. ಮೋಸಿಲ್ಲ, ಮರೆಯಿಲ್ಲ!"

ಮೂರು ನಿಮಿಷ ಕಳೆಯಿತು. ಕುಂಯ್ ಎಂದಿತು ಮಷೀನು.

294.

ನಾನು ಮಷೀನನ್ನು ತಲೆಕೆಳಗು ಮಾಡಿ ನೋಡಿದೆ. ಹಾಗೆ ನೋಡಿದರೆ ಅದು ಅಂಕಿಯೇ ಅಲ್ಲ. ನೆಟ್ಟಗೆ ಹಿಡಿದರೆ ಮತ್ತೆ 294!

ಶೈಲಶ್ರೀ ನಕ್ಕು, ಸೋತಿರಿ ಎಂದು ಛೇಡಿಸುತ್ತಾಳೆ ಅಂದುಕೊಂಡೆ. ಅವಳು ನಗಲಿಲ್ಲ. ಸೀರೆಗೆ ಸೆರಗು ಜೋಡಿಸುವ ಕೆಲಸ ಅರ್ಧಕ್ಕೆ ಬಿಟ್ಟು ಮಗ್ಗದಿಂದ ಎದ್ದಳು. ಮನೆಗೆ ಬೆಂಕಿ ಬಿದ್ದರೂ ಸೆರಗು ಮುಗಿಸಿಯೇ ಏಳುವವಳು ಅವಳು! ಮುಖ ಬಿಳುಪೇರಿತ್ತು.

"ಬೆಣ್ಣಿ ಬಿಡಿಸಿದ ಮ್ಯಾಲೂ ಏರೈತಿ ಅಂದ್ರ ಏನರ್ಥ್ರೀ?" ಅಂದಳು. "ಅಪ್ಪನೂ ಹಿಂಗ ನಕ್ಕೋತ ಕುಂತಿದ್ದ..."

ಆಗಲೇ ನಿಜ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಆ ಬಾಯಿಗೆ ಒಂದು ಲೋಟ ಹಾಗಲಕಾಯಿಯ ರಸ ಬಿತ್ತು! ಆಮೇಲೆ ಹಸಿ ಬೆಳ್ಳುಳ್ಳಿ. ಸುದ್ದಿ ಕೇಳಿ ಪಕ್ಕದ ಮನೆಯ ಮಕ್ತುಮಬಿ ಓಡಿ ಬಂದಳು. "ಅಣ್ಣಾರಿಗೆ ಮೆಂತೆ ನೆನಿಹಾಕಿದ ನೀರ ಕುಡಿಸ್ರಿ, ನರದಾಗಿನ ಕೊಬ್ಬ ತೊಳಕೊಂಡ ಹೋಗ್ತೈತಿ" ಎಂದು ಒಂದು ಚೆಂಬು ತಂದಿಟ್ಟೇ ಬಿಟ್ಟಳು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ. ನನಗೆ ಉಪ್ಪಿಲ್ಲದ ಹುರುಳಿ ಕಟ್ಟು! ಗಾದಿ ಅಂಗಡಿಯಿಂದ ಹೊರಟುಹೋಗಬೇಕು, ನಾಳೆಯಿಂದ ನಿಂತೇ ವ್ಯಾಪಾರ ಮಾಡಬೇಕು ಎಂಬ ಆಜ್ಞೆಯೂ ಹೊರಬಿತ್ತು.

ಅತ್ತೆ ಮೂಲೆಯಲ್ಲಿ ಕೂತು ಮಗಳ ಮುಖ, ನನ್ನ ಮುಖ ನೋಡುತ್ತಿದ್ದರು. ನಾನು ಕಣ್ಣಲ್ಲೇ ಕೈಮುಗಿದೆ. ಅವರು ಕಣ್ಣಲ್ಲೇ ಆಯ್ತು ಅಂದರು. ಮಾತು ಕೊಟ್ಟ ಹೆಂಗಸು!

ಊಟವಾದ ಮೇಲೆ ಶೈಲಶ್ರೀ ಕಾಲು ತೊಳೆದುಕೊಂಡು ಬಂದು ದೇವರ ಜಗುಲಿಯ ಮುಂದೆ ನಿಂತಳು. ಕಣ್ಣು ತುಂಬಿತ್ತು. "ತಾಯಿ ಬನಶಂಕರಿ, ಇವರ ಅಂಕಿ ಇಳಿಸವ್ವಾ. ಇಳಕಲ್ಲಿಂದ ನಿನ್ನ ಗುಡಿ ಮಟಾ ಬರಿಗಾಲಿಲೆ..."

"ಏ ನಿಂದ್ರ ನಿಂದ್ರ!" ಅತ್ತೆ ಎದ್ದು ಬಂದು ಮಗಳ ಬಾಯಿಯ ಮೇಲೆ ಕೈಯಿಟ್ಟರು. "ಹರಕಿ ಬಾಯಿಂದ ಬಿದ್ರ ತಿರುಗಿ ತಗೊಳ್ಳಾಕ ಬರೂದಿಲ್ಲ. ಅಳಿಯಾರ, ತಪ್ಪ ತಿಳಿಬ್ಯಾಡ್ರಿ. ಆ ರಕ್ತ ನಂದವ್ವಾ ಶೈಲಾ!"

ಶೈಲಶ್ರೀ ನಿಧಾನಕ್ಕೆ ನನ್ನತ್ತ ತಿರುಗಿದಳು.

"ಹಂಗಾರ ನಿಮ್ಮ ರಕ್ತ ಎಲ್ಲೈತ್ರಿ?"

"ಐತಿ... ಒಳಗ ಐತಿ" ಅಂದೆ.

ಅವಳು ಅವ್ವನ ಕಡೆ ತಿರುಗಿದಳು. "ನಿನಗ್ಯಾಕ ಇಷ್ಟ ಬಂತಬೇ? ನೀ ಏನ ತಿಂತೀ?"

ಅತ್ತೆ ತಲೆ ತಗ್ಗಿಸಿದರು. "ಮಗಳ ಮನಿಗೆ ತಂದ ಬುತ್ತಿ ತಿರುಗಿಸಿ ಒಯ್ಯಬಾರದವ್ವಾ. ನೀ ಅವರಿಗೆ ಬೆಣ್ಣಿ ಹಾಕವಲ್ಲಿ. ಚೆಲ್ಲಾಕ ಬರ್ತೈತೇನು, ಲಕ್ಷ್ಮಿ! ಬಸ್ಸಿಗೆ ಹೋಗೂ ಮುಂದ ಹಿತ್ತಲದಾಗ ಕುಂತು ಅಳಿಯಾರ ಪಾಲ ನಾನ ತಿಂದು ಹೋಗ್ತಿದ್ದೆ. ಆಮ್ಯಾಲ... ರುಚಿ ಹತ್ತಿ, ಮನ್ಯಾಗೂ ದಿನಾ ಸುರು ಆತು."

"ನಾ ಮಕ್ತುಮಬಿ ಮನಿಗೆ ಕೊಡ್ತೀ ಅನ್ಕೊಂಡಿದ್ನಲ್ಲಬೇ!" ಅಂದಳು ಶೈಲಶ್ರೀ.

ನೋಡಿ, ಎಂಥ ನ್ಯಾಯ! ಆರು ತಿಂಗಳಿಂದ ನನ್ನ ನರಗಳಲ್ಲಿ ಹರಿಯಬೇಕಾಗಿದ್ದ ಬೆಣ್ಣೆ ಅತ್ತೆಯ ನರಗಳಲ್ಲಿ ಹರಿಯುತ್ತಿತ್ತು. ನಾನು ಹೋಗಿ ಹೋಗಿ ನನ್ನದೇ ಬೆಣ್ಣೆಯನ್ನು ಅಳೆದಿದ್ದೆ! ಮೈಯೊಳಗೆ ಅಷ್ಟು ಕೊಬ್ಬು ಹೊತ್ತುಕೊಂಡೂ ಎಮ್ಮೆ ಹಿಂಡಿ, ಮೊಸರು ಮಾರಿ, ಅಳಿಯನ ಮಾನ ಕಾಯಲು ತುಟಿ ಹೊಲಿದುಕೊಂಡು ಕೂತಿದ್ದ ಆ ಮುದುಕಿಗೆ ನನ್ನ ನಮಸ್ಕಾರ. ಆದರೆ ನಮಸ್ಕಾರಕ್ಕೆ ಸಮಯ ಸಿಗಲಿಲ್ಲ. ಹೆಂಡತಿ ಪೆನ್ನಿಗೆ ಹೊಸ ಸೂಜಿ ಹಾಕಿ ನನ್ನ ಕೈ ಹಿಡಿದಿದ್ದಳು. ನಾನು ಹಾಕಿದ ಕೂಗಿಗೆ ಮಕ್ತುಮಬಿ ಹುಚ್ಚುನಾಯಿ ಕಡಿಯಿತೆಂದು ಬಡಿಗೆ ಹಿಡಿದು ಬಂದಳು!

ಮತ್ತೆ ಮೂರು ನಿಮಿಷ.

188.

"ಗೆದ್ದೆ!" ಎಂದು ಕುಣಿದೆ. ಭಜಿಯ ಬಂಡಿ, ಅಮೀನಗಡದ ಕರದಂಟು ಎಲ್ಲವನ್ನೂ ಮೀರಿ ನನ್ನ ಹೆಂಡತಿಯ ಅಡುಗೆ ಗೆದ್ದಿತ್ತು. ಅವಳು ಮಷೀನನ್ನು ಎರಡು ಸಲ ನೋಡಿ, ಜಗುಲಿಯ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನ್ನ ಕುಣಿತ ತಾನಾಗಿಯೇ ನಿಂತಿತು. ಆರು ತಿಂಗಳು ನನ್ನ ಸಿಡುಕನ್ನೆಲ್ಲ ಸಹಿಸಿ ನನ್ನನ್ನು ಉಳಿಸಿಕೊಂಡವಳು ಇವಳು ಎಂಬುದು ಆಗ ತಲೆಗೆ ಹೋಯಿತು.

ಆದರೂ ನಾಲಿಗೆ ಬಿಡಬೇಕಲ್ಲ. "ಹಂಗಾರ... ಬೆಣ್ಣಿ?"

"ಎಲ್ಲೀ ಬೆಣ್ಣಿ? ಷರತ್ತಿಗೆ ಇಟ್ಟ ರಕ್ತ ಅವ್ವಂದು. ಅದು ಎರಡು ನೂರ ದಾಟೈತಿ. ಸೋತೀರಿ!" ಅಂದಳು. "ಮೋಸದ ರಕ್ತ ತಂದು ಇಟ್ಟವರು ನೀವ. ನಾ ಅಲ್ಲ."

ಅತ್ತೆಗೂ ಅಲ್ಲೇ ತೀರ್ಪಾಯಿತು. ಬೆಣ್ಣೆ ಬಂದ್, ನಾಳೆ ಬಾಗಲಕೋಟೆಯ ಡಾಕ್ಟರು. ಅಳಿಯ, ಅತ್ತೆ ಒಂದೇ ಸಾಲಿನಲ್ಲಿ ಕೂತೆವು.

ಸಂಜೆ ಒಲೆಯ ಮುಂದೆ ಹೊಸ ಸಮಸ್ಯೆ ಎದ್ದಿತು. ನೆಲುವಿನಲ್ಲಿ ಅತ್ತೆ ನಿನ್ನೆ ತಂದ ಬೆಣ್ಣೆಯ ಉಂಡೆ ಹಾಗೇ ಇತ್ತು. ನಾನು ತಿನ್ನುವಂತಿಲ್ಲ. ಅತ್ತೆ ತಿನ್ನುವಂತಿಲ್ಲ. ತಿರುಗಿಸಿ ಒಯ್ಯುವಂತಿಲ್ಲ. ಚೆಲ್ಲುವಂತೆಯೂ ಇಲ್ಲ, ಲಕ್ಷ್ಮಿ!

ಶೈಲಶ್ರೀ ಒಂದು ಕ್ಷಣ ಯೋಚಿಸಿದಳು. ಬಿಸಿ ರೊಟ್ಟಿ ಬಡಿದು ತಟ್ಟೆಗೆ ಹಾಕಿಕೊಂಡಳು. ಉಂಡೆ ಬಿಚ್ಚಿ, ಬೆಣ್ಣೆ ಹಚ್ಚಿ, ಶೇಂಗಾ ಚಟ್ನಿ ಉದುರಿಸಿಕೊಂಡು, ನಮ್ಮಿಬ್ಬರ ಎದುರೇ ಕಾಲು ಮಡಚಿ ಕೂತು ತಿನ್ನತೊಡಗಿದಳು. ಬೆಣ್ಣೆ ಕರಗಿ ರೊಟ್ಟಿಯ ಅಂಚಿಗೆ ಇಳಿಯಿತು.

"ನಿಂದೂ ನೋಡಬೇಕಲ್ಲ! ಒಂದು ಪಟ್ಟಿ ಉಳದೈತಿ!" ಎಂದು ಮಷೀನು ಹಿಡಿದು ಓಡಿ ಬಂದೆ.

ಅವಳು ಬಲಗೈಯಲ್ಲಿ ತಿನ್ನುತ್ತಲೇ ಎಡಗೈ ಚಾಚಿದಳು. ಹೊಸ ಸೂಜಿ ಹಾಕಿ ಚುಚ್ಚಿದೆ. ಟಕ್ ಅಂದಿತು. ರಕ್ತವಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದೆ. ಅಲ್ಲೂ ಇಲ್ಲ. ಮೂರನೆಯ ಬೆರಳಿಗೆ ಸೂಜಿಯೇ ಬಾಗಿತು! ಬೆರಳನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತು ವರ್ಷ ಎಳೆಗೆ ಎಳೆ ಕೊಂಡಿ ಹಾಕಿ, ಸೀರೆಗೆ ಸೆರಗು ಜೋಡಿಸಿ ಜೋಡಿಸಿ ಆ ಬೆರಳ ತುದಿಗಳು ಎಮ್ಮೆಯ ಚರ್ಮದಷ್ಟು ಗಟ್ಟಿಯಾಗಿದ್ದವು. ಇವಳ ಅಂಕಿ ಹೇಳುವ ಮಷೀನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ನಾನು ಆ ಕೈ ಹಿಡಿದುಕೊಂಡು ಹಾಗೇ ಕೂತಿದ್ದೆ. ಶೈಲಶ್ರೀ ಕೊನೆಯ ತುತ್ತು ಬಾಯಿಗಿಟ್ಟುಕೊಂಡು ಕೇಳಿದಳು:

"ಚುಚ್ಚೂದು ಆತೇನ್ರಿ? ಆಗಿದ್ರ ಹಂಚಿನ ಮ್ಯಾಗಿಂದು ಇನ್ನೊಂದು ರೊಟ್ಟಿ ತಗೊಂಡ ಬರ್ರಿ. ಬೆಣ್ಣಿ ಇನ್ನೂ ಐತಿ!"