ನೀಲಿ ಡಬ್ಬಿಯ ಲೈವ್

ಪಾರ್ಸೆಲ್ ತಂದವನು ಟೈಲ್ಸ್ ಅಂಗಡಿಗೆ ಬಂದಾಗ ಅಸ್ಕರ್ ಮಸೀದಿಗೆ ಹೋಗಿದ್ದ. ಪಕ್ಕದ ಚಾ ಹೋಟೆಲಿನ ತುಕ್ರಪ್ಪಣ್ಣ ರುಜು ಹಾಕಿ ತೆಗೆದುಕೊಂಡರು. ಅಷ್ಟಕ್ಕೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಿದ್ಧಕಟ್ಟೆಗೆ ವಿದೇಶದಿಂದ ಬಂದ ಪಾರ್ಸೆಲನ್ನು ಒಡೆಯದೆ ಇಟ್ಟುಕೊಳ್ಳುವ ಶಕ್ತಿಯನ್ನು ದೇವರು ತುಕ್ರಪ್ಪಣ್ಣನಿಗೆ ಕೊಟ್ಟಿರಲಿಲ್ಲ. ಅಸ್ಕರ್ ಬರುವಷ್ಟರಲ್ಲಿ ಒಳಗಿದ್ದ ನೀಲಿ ಡಬ್ಬಿ ಹೋಟೆಲಿನ ಎಲ್ಲ ಮೇಜುಗಳನ್ನೂ ಸುತ್ತಿ, ಗೋಳಿಬಜೆಯ ಎಣ್ಣೆಯಲ್ಲಿ ನಾಲ್ಕಾರು ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡಿತ್ತು.

"ಇದು ಯಾವ ಯಕ್ಷಗಾನ ಮೇಳ ಮಾರಾಯ್ರೆ?" ತುಕ್ರಪ್ಪಣ್ಣ ಡಬ್ಬಿಯ ಚಿತ್ರಕ್ಕೆ ಬೆರಳಿಟ್ಟರು. ಉದ್ದ ಕೂದಲು, ಮುಖದ ತುಂಬ ಕಪ್ಪುಬಿಳಿ ಬಣ್ಣ, ಹಿಂದೆ ಬೆಂಕಿ. "ಬಣ್ಣದ ವೇಷ ಭಾರೀ ಲಾಯ್ಕ ಉಂಟು."

"ಮೇಳ ಅಲ್ಲ. ಇಂಗ್ಲೆಂಡಿನ ಬ್ಯಾಂಡ್. ಕೋಲ್ಡ್ ಫರ್ನೇಸ್ ಅಂತ. ಹೆವಿ ಮೆಟಲ್."

"ಹೆವಿ ಮೆಟಲ್ ಅಂದ್ರೆ ರಸ್ತೆಗೆ ಹಾಕುವ ನಲ್ವತ್ತು ಎಂಎಂ ಜಲ್ಲಿಯಾ?"

"ಹಾಡುವವರು ತುಕ್ರಪ್ಪಣ್ಣ. ಈಗ ಎಲ್ಲ ಎಪ್ಪತ್ತು ದಾಟಿದ ಮುದುಕರು. ನಾನು ದುಬೈಯಲ್ಲಿದ್ದಾಗ ಅಲ್ಲಿ ಕೊಟ್ಟ ಪ್ರೋಗ್ರಾಮನ್ನು ಈಗ ವಿಡಿಯೋ ಮಾಡಿ ಬಿಟ್ಟಿದ್ದಾರೆ." ಇಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ಇದರಲ್ಲಿ ನಾನೂ ಇದ್ದೇನೆ."

ತುಕ್ರಪ್ಪಣ್ಣ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಮಗೆ ಓದಲು ಬರುವ ಒಂದೇ ಒಂದು ಇಂಗ್ಲಿಷ್ ಶಬ್ದವನ್ನು ಹೆಕ್ಕಿದರು. "ಲೈವ್ ಅಂತ ಬರೆದುಂಟಲ್ಲ! ಎಷ್ಟು ಗಂಟೆಗೆ ಶುರು?"

ನಮ್ಮ ಕಡೆ ಲೈವ್ ಎಂದರೆ ಕಂಬಳವೋ ಯಕ್ಷಗಾನವೋ ನಡೆಯುವ ಹೊತ್ತಿಗೇ ಮೊಬೈಲಿನಲ್ಲಿ ಬರುವುದು. ತಡ ಮಾಡಿದರೆ ಮುಗಿದು ಹೋಗುವುದು. ಇದು ಹಳೆಯದು, ಡಿಸ್ಕ್, ಯಾವಾಗ ಬೇಕಾದರೂ ನೋಡಬಹುದು ಎಂದು ಅಸ್ಕರ್ ಎಷ್ಟು ಹೇಳಿದರೂ ತುಕ್ರಪ್ಪಣ್ಣನ ತಲೆಗೆ ಹೋಗಲಿಲ್ಲ. "ಹಳತು ಹೇಗೆ ಲೈವ್ ಆಗ್ತದೆ? ನನಗೆ ತೋರಿಸ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳಿ ಸಾಕು" ಎಂದು ಮುಖ ಊದಿಸಿದರು.

ಮನಸ್ಸಿಲ್ಲದ್ದು ನಿಜವೇ. ತುಕ್ರಪ್ಪಣ್ಣನಿಗೆ ಮಾತ್ರವಲ್ಲ, ಯಾರಿಗೂ ತೋರಿಸುವ ಮನಸ್ಸಿರಲಿಲ್ಲ. ಹೆಂಡತಿ ಖದೀಜ ಕನ್ಯಾನದ ತವರಿಗೆ ಹೋಗುವ ವಾರವನ್ನೇ ನೋಡಿ ಅವನು ಡಿಸ್ಕ್ ತರಿಸಿದ್ದ.

ಹದಿನೆಂಟು ವರ್ಷ ಹಿಂದೆ ದುಬೈಯ ಕೆಲಸದಿಂದ ಊರಿಗೆ ಬರಲು ಅವನಿಗೆ ರಜೆ ಸಿಕ್ಕಿತ್ತು. ತಂಗಿ ಸಬೀಹಾಳ ನಿಕಾಹ್. ಬಾಪ ತೀರಿಕೊಂಡಿದ್ದರಿಂದ ಮದುಮಗನ ಕೈ ಹಿಡಿದು ತಂಗಿಯನ್ನು ಒಪ್ಪಿಸಬೇಕಾದವನು ಇವನೇ. ಆದರೆ ಹರೆಯದಿಂದ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದ ಕೋಲ್ಡ್ ಫರ್ನೇಸ್ ಅದೇ ದಿನ ದುಬೈಗೆ ಬರುವುದಿತ್ತು. ಮದುವೆಗೆ ಊರಿಡೀ ಜನ ಇರ್ತಾರೆ, ಇವರು ಇನ್ನೊಮ್ಮೆ ಬರ್ಲಿಕ್ಕಿಲ್ಲ ಎಂದುಕೊಂಡ. ಕಂಪೆನಿ ರಜೆ ಕೊಡ್ಲಿಲ್ಲ, ಡಬಲ್ ಡ್ಯೂಟಿ ಹಾಕಿದ್ದಾರೆ ಎಂದು ಉಮ್ಮನಿಗೆ ಫೋನು ಮಾಡಿ, ಕೈ ಹಿಡಿಯುವ ಅಧಿಕಾರವನ್ನು ದೊಡ್ಡಪ್ಪ ಮಹಮ್ಮದ್ ಕುಂಞಿಗೆ ಫೋನಿನಲ್ಲೇ ಕೊಟ್ಟ. ಹೇಳುವಾಗ ಮಾತು ತಡವರಿಸಿತು. ಅದು ನಾಚಿಕೆಯಿಂದ, ಅತ್ತ ಕಡೆಯವರು ದುಃಖ ಎಂದುಕೊಂಡರು.

ಅಂದಿನಿಂದ ಡಬಲ್ ಡ್ಯೂಟಿಯ ಕತೆ ಬೆಳೆಯುತ್ತಲೇ ಹೋಯಿತು. ತಂಗಿಯ ಬಾಯಲ್ಲಿ ಅಣ್ಣ ಬಿಸಿಲಿನಲ್ಲಿ ಕಬ್ಬಿಣ ಹೊತ್ತ, ಅತ್ತ, ಉಪವಾಸ ಇದ್ದ. ಅಸ್ಕರ್ ಒಮ್ಮೆಯೂ ತಿದ್ದಲಿಲ್ಲ. ಉಮ್ಮ ಬೀಯಮ್ಮ ತೀರಿಕೊಳ್ಳುವಾಗಲೂ ತಿದ್ದಲಿಲ್ಲ. ಮೊನ್ನೆ ಮೊಬೈಲಿನಲ್ಲಿ ಡಿಸ್ಕಿನ ಜಾಹೀರಾತು ಬಂತು. ಅದರಲ್ಲಿ ಒಂದೇ ಗಳಿಗೆ, ಯಾರದೋ ಹೆಗಲ ಮೇಲೆ ಕೂತು, ತಲೆಗೆ ಕೆಂಪು ಚೌಕುಳಿ ಬಟ್ಟೆ ಸುತ್ತಿ ಕೂಗುತ್ತಿರುವ ಹುಡುಗನೊಬ್ಬ ಕಂಡ. ತಾನೇ. ಅಷ್ಟು ಖುಷಿಯಲ್ಲಿ ತಾನು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ ಎಂದು ಅವನಿಗೆ ಹೊಳೆಯಿತು. ಎರಡು ಬಣ್ಣದ ಡಬ್ಬಿಗಳಿದ್ದವು. ನೀಲಿ ಚಂದ ಕಂಡಿತು, ಅದನ್ನೇ ಒತ್ತಿದ.

ಡಬ್ಬಿ ಬಂತು, ಹಾಕಿ ನೋಡಲು ಪ್ಲೇಯರ್ ಇಲ್ಲ. ಮೂಡುಬಿದಿರೆಯಲ್ಲಿ ಮದುವೆ ವಿಡಿಯೋ ಮಾಡುವ ಮನ್ವಿತನ ಹತ್ತಿರ ಇರಬಹುದೆಂದು ಸ್ಕೂಟರ್ ತೆಗೆದರೆ, ತುಕ್ರಪ್ಪಣ್ಣ ಹೋಟೆಲನ್ನು ಹೆಂಡತಿಗೆ ಒಪ್ಪಿಸಿ ಹಿಂದೆ ಹತ್ತಿಯೇಬಿಟ್ಟರು. "ಬೇಗ ಹೋಗುವ. ಲೈವ್ ಅರ್ಧ ಆಗಿರ್ತದೆ."

ಮನ್ವಿತ್ ಡಬ್ಬಿಯನ್ನು ನೋಡಲೂ ಇಲ್ಲ. "ಡಿಸ್ಕಾ? ಈಗ ಎಲ್ಲ ಪೆನ್‌ಡ್ರೈವ್ ಅಸ್ಕರಣ್ಣ. ಈ ಊರಲ್ಲಿ ಸರಿ ಇರುವ ಪ್ಲೇಯರ್ ಅಂತ ಇರೋದು ನಿಮ್ಮ ತಂಗಿ ಮನೆಯಲ್ಲಿ ಮಾತ್ರ. ಅವರ ನಿಕಾಹ್ ಡಿವಿಡಿ ನೋಡ್ಲಿಕ್ಕೆ ಅಂತ ವರ್ಷ ವರ್ಷ ನನ್ನ ಹತ್ರ ರಿಪೇರಿ ಮಾಡಿಸ್ತಾರೆ. ಇರಿ, ನಾನೇ ಹೇಳ್ತೇನೆ."

"ಬೇಡ, ಬೇಡ—" ಎನ್ನುವಷ್ಟರಲ್ಲಿ ಫೋನು ಹೋಗಿಯಾಗಿತ್ತು, "ಅಸ್ಕರಣ್ಣನೂ ಇದರಲ್ಲಿ ಇದ್ದಾರೆ" ಎಂದು ತುಕ್ರಪ್ಪಣ್ಣ ಪಕ್ಕದಿಂದ ಕೂಗಿಯೂ ಆಗಿತ್ತು. ಆ ಕಡೆಯಿಂದ, ಅಣ್ಣನನ್ನು ಕಾಕ ಎಂದೇ ಕರೆಯುವ ಸಬೀಹಾಳ ದನಿ ಸ್ಟುಡಿಯೋ ಇಡೀ ಕೇಳಿತು. "ಕಾಕ ವಿಡಿಯೋದಲ್ಲಿ ಬರ್ತಾರಾ? ಈಗಲೇ ಕಳಿಸಿ!"

ತುಕ್ರಪ್ಪಣ್ಣ ಬೀಡಿಗೆ ಬೆಂಕಿ ಹುಡುಕುವ ಹೊತ್ತಿಗೆ ಅಸ್ಕರ್ ಡಬ್ಬಿ ಮಗುಚಿ ನೋಡಿದ. ಹಿಂಬದಿಯಲ್ಲಿ ಪ್ರೋಗ್ರಾಮಿನ ತಾರೀಕು ದಪ್ಪಕ್ಕೆ ಅಚ್ಚಾಗಿತ್ತು. ಆ ತಾರೀಕನ್ನು ತಂಗಿ ನಿದ್ದೆಯಲ್ಲೂ ಹೇಳಬಲ್ಲಳು. ಅಂಗಿಯ ಕಿಸೆಯಲ್ಲಿ ಅಂಗಡಿಯ ಸ್ಟಿಕ್ಕರುಗಳಿದ್ದವು. ಒಂದನ್ನು ಎಬ್ಬಿಸಿ ತಾರೀಕಿನ ಮೇಲೆ ಒತ್ತಿದ.

ಸಬೀಹಾಳ ಮನೆಯಲ್ಲಿ ಟಿವಿಯ ಎದುರು ಕುರ್ಚಿಗಳು ಸಾಲಾಗಿದ್ದವು. ಅಣ್ಣನನ್ನು ಕೂರಿಸಿ, ತುಕ್ರಪ್ಪಣ್ಣನಿಗೆ ಚಾ ಕೊಡುತ್ತ ಅವಳು ಶುರು ಮಾಡಿಯೇಬಿಟ್ಟಳು. "ನಮ್ಮ ಕಾಕ ಆ ದಿನ ದುಬೈಯಲ್ಲಿ ಡಬಲ್ ಡ್ಯೂಟಿ ಮಾಡ್ತಾ ಅತ್ತವರು. ಅವರನ್ನೂ ಟಿವಿಯಲ್ಲಿ ನೋಡುವ ಯೋಗ ಬಂತಲ್ಲ."

ತುಕ್ರಪ್ಪಣ್ಣ ಮರುಗಿದರು.

ಸಬೀಹಾಳ ಮಗಳು ಫರ್ಹಾನ, ಪಿಯುಸಿ ಓದುವವಳು, ಡಬ್ಬಿ ಕೈಗೆತ್ತಿಕೊಂಡಳು. "ಮಾಮ, ಇದರ ಮೇಲೆ 'ಬಾತ್‌ರೂಮ್ ಟೈಲ್ಸ್, ಜಾರುವುದಿಲ್ಲ' ಅಂತ ಯಾಕೆ ಉಂಟು?"

ಅಷ್ಟರಲ್ಲಿ ಗೋಳಿಬಜೆಯ ಎಣ್ಣೆಯ ಮೇಲೆ ನಿಲ್ಲಲಾರದ ಸ್ಟಿಕ್ಕರ್ ನಿಧಾನವಾಗಿ ಜಾರಿ ನೆಲಕ್ಕೆ ಬಿತ್ತು. ಫರ್ಹಾನ ಅಡಿಯಲ್ಲಿದ್ದುದನ್ನು ಓದಿದಳು. "ಉಮ್ಮ, ಇದು ನಿಮ್ಮ ನಿಕಾಹ್ ದಿನ ಅಲ್ವಾ?"

ಸಬೀಹಾ ಡಬ್ಬಿ ತೆಗೆದುಕೊಂಡು ನೋಡಿ, ಹಿಂದಕ್ಕೆ ಕೊಟ್ಟಳು. "ಅಚ್ಚು ತಪ್ಪಿರ್ಬೇಕು. ಆ ದಿನ ಕಾಕ ಡ್ಯೂಟಿಯಲ್ಲಿ ಇದ್ರು. ಹಾಕು ನೀನು."

ಅವಳು ಬೈದಿದ್ದರೆ ಅಸ್ಕರ್ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದ. ನಂಬಿದಳು. ಪ್ಲೇಯರಿನ ಬಾಯಿ ತೆರೆಯಿತು, ಫರ್ಹಾನ ಡಿಸ್ಕ್ ಇಟ್ಟಳು, ಬಾಯಿ ಮುಚ್ಚಿತು. ಇನ್ನು ಅರೆಗಳಿಗೆಯಲ್ಲಿ ಕೆಂಪು ಬಟ್ಟೆಯ ಆ ಹುಡುಗ ಎಲ್ಲರೆದುರು ಕುಣಿಯುತ್ತಾನೆ. ಅದಕ್ಕೆ ಮೊದಲು ತಾನೇ ಹೇಳಿದರೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು ಎಂದುಕೊಂಡು ಎದ್ದುನಿಂತ.

"ಸಬೀಹಾ, ಅಚ್ಚು ತಪ್ಪಿಲ್ಲ. ಡ್ಯೂಟಿ ಇರ್ಲಿಲ್ಲ. ರಜೆ ಸಿಕ್ಕಿತ್ತು. ನಾನು ಇದಕ್ಕೆ ಹೋಗಿದ್ದೆ."

ತುಕ್ರಪ್ಪಣ್ಣ ಚಾದ ಲೋಟವನ್ನು ಶಬ್ದ ಬಾರದಂತೆ ಕೆಳಗಿಟ್ಟರು. ಪ್ಲೇಯರ್ ಒಂದೆರಡು ಸಲ ಗರಗರ ಎಂದು, ಕೆಮ್ಮಿ, ಸುಮ್ಮನಾಯಿತು. ಟಿವಿಯಲ್ಲಿ 'ಡಿಸ್ಕ್ ಇಲ್ಲ' ಎಂಬ ಇಂಗ್ಲಿಷ್ ಅಕ್ಷರಗಳು ಮೂಡಿದವು.

"ಮಾಮ," ಫರ್ಹಾನ ಮೆಲ್ಲಗೆ ಹೇಳಿದಳು, "ಇದು ಬ್ಲೂ-ರೇ. ನೀಲಿ ಡಬ್ಬಿ ಅಂದ್ರೆ ಅದೇ. ಇದರ ಪ್ಲೇಯರೇ ಬೇರೆ. ಇದರಲ್ಲಿ ಬರುದೇ ಇಲ್ಲ."

ಅರೆಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಸ್ಕರ್ ತುಕ್ರಪ್ಪಣ್ಣನ ಮುಖ ನೋಡಿದ. ಹೊರಡುವ ಎನ್ನುವಂತೆ ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

"ಕೂತ್ಕೊಳ್ಳಿ ಕಾಕ," ಎಂದಳು ಸಬೀಹಾ. ಎದ್ದು ಕಪಾಟಿನಿಂದ ಬೇರೊಂದು ಡಿಸ್ಕ್ ತೆಗೆದು, ಸೆರಗಿನಿಂದ ಒರೆಸಿ, ತಾನೇ ಹಾಕಿದಳು. "ಪ್ಲೇಯರ್ ಸರಿ ಉಂಟು. ಬಂದದ್ದಕ್ಕೆ ಇದನ್ನಾದ್ರೂ ನೋಡಿ. ನೀವು ಇದನ್ನು ಪೂರ್ತಿ ಯಾವತ್ತೂ ನೋಡ್ಲಿಲ್ಲ."

ಚಪ್ಪರ ಬಂತು. ದೊಡ್ಡಪ್ಪ ಮದುಮಗನ ಕೈ ಹಿಡಿದದ್ದು ಬಂತು. ಆಮೇಲೆ ಹೆಂಗಸರ ಕಡೆ, ತಲೆಗೆ ಬಿಳಿ ತಟ್ಟಂ ಹೊದ್ದ ಉಮ್ಮ. ಯಾರೋ ಮಾತಾಡಿಸುತ್ತಿದ್ದಾರೆ, ಉಮ್ಮ ನಗುತ್ತಿದ್ದಾಳೆ. ಹೊರಗೆ ವಾಹನದ ಸದ್ದಾದಾಗ ಮಾತು ಅರ್ಧಕ್ಕೆ ಬಿಟ್ಟು ಗೇಟಿನ ಕಡೆ ನೋಡುತ್ತಾಳೆ. ಮತ್ತೆ ಮಾತು. ಇನ್ನೊಂದು ವಾಹನ, ಮತ್ತೆ ಗೇಟು.

"ನೀವು ಹೇಳದೆ ಬಂದು ಎಲ್ಲರನ್ನೂ ದಂಗು ಮಾಡ್ತೀರಿ ಅಂತ ಉಮ್ಮನಿಗೆ ಒಂದು ಆಸೆ," ಸಬೀಹಾ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ನಾನೇ ಸಮಾಧಾನ ಮಾಡಿದ್ದು. ಪಾಪ, ಕಾಕ ಡ್ಯೂಟಿಯಲ್ಲಿ ಅಂತ."

ಏನೋ ಹೇಳಲು ಹೋದ ಅಸ್ಕರನ ಮಾತು ತಡವರಿಸಿತು. ಈ ಸಲ ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ದಮಯಂತಿ ಅಕ್ಕ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಓಡಿ ಬಂದರು. "ಅಯ್ಯೋ, ಲೈವ್ ಶುರು ಆಗಿಯೇ ಹೋಯ್ತಾ? ಸಬೀಹಾ ಆಗಲೇ ಫೋನ್ ಮಾಡಿದ್ಲು, ಗಂಜಿ ಬಸಿದು ಬರುವಾಗ ತಡ ಆಯ್ತು." ಕುರ್ಚಿ ಎಳೆದು ಅಸ್ಕರನ ಪಕ್ಕದಲ್ಲೇ ಕೂತು, ಕನ್ನಡಕ ಸರಿ ಮಾಡಿಕೊಂಡು, ಚಪ್ಪರದ ಮೂಲೆ ಮೂಲೆಯನ್ನೂ ಹುಡುಕಿದರು.

"ಎಲ್ಲಿ ಅಸ್ಕರಣ್ಣ, ಇದರಲ್ಲಿ ನೀವು ಎಲ್ಲಿ ಇದ್ದೀರಿ?"

ಪರದೆಯ ಮೇಲೆ ಬೀಯಮ್ಮ ಮತ್ತೊಮ್ಮೆ ಗೇಟಿನ ಕಡೆ ನೋಡಿದಳು.

"ಇದರಲ್ಲಿ ನಾನು ಇಲ್ಲ ಅಕ್ಕ," ಎಂದ ಅಸ್ಕರ್.